ಸೆಲ್ಲಾ ಗಿರಿಯ ಹಿಮಪ್ರದಕ್ಷಿಣೆ

ಇಟಲಿ ದೇಶದ ಈಶಾನ್ಯ ಭಾಗದಲ್ಲಿ, ಡೋಲಮೈಟ್ ಎಂದು ಹೆಸರಾದ ಪರ್ವತಗಳ ನಡುವೆ, ಸೆಲ್ಲಾ ಎಂಬ ಮಹಾಶಿಲಾರಾಶಿಯೊಂದು ನಾಲ್ಕು ಕಣಿವೆಗಳ ನಡುವೆ ನಿಂತಿದೆ. ಅದರ ಅತ್ಯುನ್ನತ ಶಿಖರವಾದ ಪಿಜ್ ಬೊಎಯ ಎತ್ತರ 3152 ಮೀಟರು. ಗಿರಿಯನ್ನು ಬಳಸಿ ಕಣಿವೆಯಿಂದ ಕಣಿವೆಗೆ ಹೋಗಬೇಕಾದವರು ಗಾರ್ಡೇನಾ, ಸೆಲ್ಲಾ, ಪೊರ್ದೊಯ್, ಕಂಪೊಲೊಂಗೊ ಎಂಬ ನಾಲ್ಕು ಘಟ್ಟಗಳನ್ನು ದಾಟಬೇಕು. ಚಳಿಗಾಲದಲ್ಲಿ ಅಲ್ಲಿಯ ಹುಲ್ಲುಗಾವಲುಗಳೆಲ್ಲ ಹಿಮದಡಿಯಲ್ಲಿ ಮಲಗಿದ ಮೇಲೆ, ಕಾಲಿಗೆ ಸ್ಕೀ ಕಟ್ಟಿದ ಜನರು ಲಿಫ್ಟುಗಳಲ್ಲಿ ಏರಿ, ಇಳಿಜಾರುಗಳಲ್ಲಿ ಜಾರಿ, ಮತ್ತೆ ಏರಿ, ಮತ್ತೆ ಜಾರಿ, ಈ ನಾಲ್ಕು ಘಟ್ಟಗಳನ್ನೂ ಒಂದೇ ಹಗಲಿನಲ್ಲಿ ದಾಟಿ, ಹೊರಟ ಊರಿಗೇ ಮರಳಿ ಬರುತ್ತಾರೆ. ಸೆಲ್ಲಾರೊಂಡ ಎಂದು ಈ ಮಾರ್ಗದ ಹೆಸರು. ಒಟ್ಟು ದೂರ ಸುಮಾರು 40 ಕಿಲೋಮೀಟರು. ಅದರಲ್ಲಿ 26 ಕಿಲೋಮೀಟರಿನಷ್ಟು ಹಿಮದ ಮೇಲಿನ ಇಳಿತ, ಉಳಿದುದು ಲಿಫ್ಟಿನ ಏರಿಕೆ. ಗಿರಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣವಾಗಿ ಸುತ್ತುವವರಿಗೆ ಕಿತ್ತಳೆ ಬಣ್ಣದ ಫಲಕಗಳೂ ಎಡಕ್ಕಿಟ್ಟುಕೊಂಡು ಸುತ್ತುವವರಿಗೆ ಹಸುರು ಫಲಕಗಳೂ ದಾರಿಯುದ್ದಕ್ಕೂ ಕೈತೋರುತ್ತವೆ.

ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಆಷಾಢದ ಮಳೆಗಳಲ್ಲೇ ಬಾಳು ಕಳೆಯುವ ನಮ್ಮ ಸೀಮೆಯವರಿಗೆ ಈ ದೂರದ ಹಿಮಮಾರ್ಗದ ಪರಿಚಯವೇಕೆ ಎಂದು ಯಾರಾದರೂ ಕೇಳಬಹುದು. ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಿಂದ ಓದಿಗೆಂದೋ ನೌಕರಿಗೆಂದೋ ಹೊರಟ ಮಕ್ಕಳು ಈಗ ಜಗತ್ತಿನ ಯಾವ ಚಳಿಯ ನಾಡಿನಲ್ಲಿ ಇಲ್ಲ? ಮನ್ಮನೆಯ ಕಡೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ತಂಗಿಯ ಮಗಳು ಗಂಡನೊಡನೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿದವಳು. ಮಗು ಶಾಲೆಯಲ್ಲಿ ಸ್ಕೀ ಕಲಿಯತೊಡಗಿದ ಮೇಲೆ ಅದರ ಹಿಂದೆಯೇ ತಾನೂ ಕಲಿಯಲು ಹೊರಟು, ಮಕ್ಕಳ ಅಂಗಳವನ್ನು ದಾಟಿ, ನೀಲಿ ಗುರುತಿನ ಸುಲಭ ಇಳಿಜಾರುಗಳಲ್ಲಿ ನೆಮ್ಮದಿಯಾಗಿ ಇಳಿಯಬಲ್ಲವಳಾಗಿ, ಕೆಂಪು ಗುರುತಿನ ಕಡಿದಾದ ಇಳಿಜಾರನ್ನು ಕಂಡರೆ ಮಾತ್ರ ಕ್ಷಣಕಾಲ ನಿಂತು ಯೋಚಿಸುವ ಹಂತದಲ್ಲಿದ್ದಳು. ಅಂಥವಳು ಸೆಲ್ಲಾರೊಂಡವನ್ನು ಸುತ್ತಲು ಹೊರಟಾಗ, ಕಾಲ್ನಡೆಯವರನ್ನೂ ಒಯ್ಯುವ ಗೊಂಡೊಲಾ ಎಂಬ ಲಿಫ್ಟುಗಳಲ್ಲಿ ಏರಿ, ಅಲ್ಲಲ್ಲಿ ಕಾದು ನಿಂತು, ಆ ಯಾತ್ರೆಯ ಕೆಲವು ಭಾಗಗಳನ್ನಾದರೂ ಕಣ್ಣಾರೆ ನೋಡುವ ಅವಕಾಶ ನನಗೆ ದೊರೆಯಿತು. ನೋಡಿದ್ದರಲ್ಲಿ ನನ್ನ ಮನಸ್ಸನ್ನು ಸೆರೆಹಿಡಿದುದು ಪರ್ವತಕ್ಕಿಂತ ಹೆಚ್ಚಾಗಿ ಅವಳಿಗೆ ಪಾಠ ಹೇಳಿದ ವೃದ್ಧ ಬೋಧಕರು.

ಅವರು ಕೊರ್ವಾರ ಎಂಬ ಊರಿನವರು. ಬೇಸಗೆಯಲ್ಲಿ ಹುಲ್ಲು ಕೊಯ್ದು ದನಗಳನ್ನು ನೋಡಿಕೊಂಡು, ಚಳಿಗಾಲ ಬಂತೆಂದರೆ ಬೋಧಕರ ಕೆಂಪು ಅಂಗಿಯನ್ನು ತೊಡತಕ್ಕವರು. ಸ್ಕೀ ಎಂದೊಡನೆ ವೇಗವನ್ನೇ ನೆನೆಯುವ ನಮ್ಮಂಥವರಿಗೆ ಆಶ್ಚರ್ಯವಾಗುವಂತೆ, ಅವರ ಪಾಠವು ಜಾರುವುದರಿಂದಲ್ಲ, ನಿಲ್ಲುವುದರಿಂದ ಪ್ರಾರಂಭವಾಗುತ್ತದೆ. ಶಿಷ್ಯೆಯನ್ನು ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ, ಎರಡು ಸ್ಕೀಗಳ ಮೇಲಂಚುಗಳೂ ಹಿಮವನ್ನು ಕಚ್ಚುವಂತೆ ಮಾಡಿಸಿದರು. ಬಳಿಕ ಆ ಹಿಡಿತವನ್ನು ಮೊಣಕಾಲಿನ ಒಂದಿಷ್ಟೇ ಬಾಗುವಿಕೆಯಿಂದ ಸಡಿಲಿಸಲು ಹೇಳಿದರು. ಸ್ಕೀಗಳು ಅಡ್ಡಲಾಗಿಯೇ ಒಂದು ಗೇಣು ಕೆಳಗೆ ಸರಿದವು. ಅಂಚು ಮತ್ತೆ ಕಚ್ಚಿತು, ಚಲನೆ ನಿಂತಿತು. ಮತ್ತೆ ಸಡಿಲ, ಮತ್ತೆ ಬಿಗಿ. ಹೀಗೆ ಒಂದು ಇಡೀ ಇಳಿಜಾರನ್ನು ಗೇಣು ಗೇಣಾಗಿ ಇಳಿಸಿದ ಆ ಮುದುಕರು, ಅವಳ ಸ್ಕೀಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಅದರ ಸದ್ದನ್ನು ಕೇಳುತ್ತಿದ್ದರು. ಮೆತ್ತನೆಯ ಹಿಮದ ಮೇಲೆ ಅಂಚು ಸರಿದರೆ ಮೃದುವಾದ ಸುಯ್ಯೆಂಬ ನಾದ. ರಾತ್ರಿಯ ಚಳಿಗೆ ಗಡುಸಾದ ಹಿಮದ ಮೇಲಾದರೆ ಕರಕರ ಶಬ್ದ. ಕಣ್ಣು ಕಾಣದಷ್ಟು ಮೋಡ ಕವಿದ ದಿನ, ಎದುರಿನ ತಗ್ಗು ದಿಣ್ಣೆಗಳೆಲ್ಲ ಒಂದೇ ಬಿಳುಪಾಗಿ ತೋರುವಾಗ, ಕಿವಿ ಮತ್ತು ಅಂಗಾಲುಗಳೇ ಕಣ್ಣಾಗಬೇಕು ಎಂಬುದು ಅವರ ಮತ.

ನಿಲ್ಲಲು ಬಲ್ಲವಳಿಗೆ ಮುಂದಿನ ಪಾಠ ತಿರುವು. ಸ್ಕೀಗಳ ಹಿಂದುದಿಗಳನ್ನು ಅಗಲಿಸಿ ಮುಂದುದಿಗಳನ್ನು ಹತ್ತಿರ ತಂದರೆ ವೇಗ ಕುಗ್ಗುತ್ತದೆ. ಇದು ಎಲ್ಲರೂ ಮೊದಲು ಕಲಿಯುವ ನೇಗಿಲಿನ ಭಂಗಿ. ಆ ಭಂಗಿಯಲ್ಲಿಯೇ ಒಂದು ಕಾಲಿನ ಮೇಲೆ ಭಾರ ಹಾಕಿದರೆ ದೇಹವು ಎದುರು ದಿಕ್ಕಿಗೆ ತಿರುಗುತ್ತದೆ: ಬಲಗಾಲಿಗೆ ಭಾರ, ಎಡಕ್ಕೆ ತಿರುವು. ಹೊಸಬರಿಗೆ ಕಷ್ಟವಾಗತಕ್ಕದ್ದು ಈ ಭಾರದ ವರ್ಗಾವಣೆಯೇ. ಹೆದರಿದ ಮನುಷ್ಯನು ಸ್ವಭಾವತಃ ಬೆಟ್ಟದ ಕಡೆಗೆ, ಹಿಂದಕ್ಕೆ, ಒರಗುತ್ತಾನೆ. ಒರಗಿದೊಡನೆ ಸ್ಕೀಯ ಮುಂಭಾಗ ಹಗುರಾಗಿ, ಅದು ಹೇಳಿದ ಮಾತು ಕೇಳದಾಗುತ್ತದೆ. ಕಣಿವೆಯ ಕಡೆಗೆ ಬಾಗಿ, ಮೊಣಕಾಲಿನ ಕೆಳಗಿನ ಎಲುಬು ಬೂಟಿನ ನಾಲಗೆಯನ್ನು ಒತ್ತುವಂತೆ ನಿಂತವನಿಗೆ ಮಾತ್ರ ಅದು ವಶವಾಗುತ್ತದೆ. ನಮ್ಮ ತೋಟಗಳಲ್ಲಿ ಕೊನೆ ಕೊಯ್ಯುವ ಕೊನೆಗೌಡನು ಅಡಿಕೆ ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುವಾಗ, ಮೊದಲನೆಯ ಮರವನ್ನು ಬಾಗಿಸಿ, ಎರಡನೆಯದನ್ನು ಕೈಗೆ ತಂದುಕೊಂಡು, ಭಾರವನ್ನು ಪೂರ್ಣವಾಗಿ ಅದಕ್ಕೆ ಒಪ್ಪಿಸಿದ ಮೇಲೆಯೇ ಹಿಂದಿನದನ್ನು ಬಿಡುವುದನ್ನು ನೋಡಿದವರಿಗೆ ಈ ವಿದ್ಯೆಯ ಮರ್ಮವನ್ನು ಬೇರೆ ವಿವರಿಸಬೇಕಾದುದಿಲ್ಲ. ಎರಡು ಮರಗಳ ಮೇಲೂ ಅರ್ಧರ್ಧ ಭಾರ ಇಟ್ಟು ಅನುಮಾನಿಸಿದವನಿಗೇ ಅಪಾಯ.

ಮೂರನೆಯ ಪಾಠ ಕಾಲಜ್ಞಾನ. ಲಿಫ್ಟುಗಳ ಸಮಯ ಮುಗಿದ ಮೇಲೆ ಬೇರೊಂದು ಕಣಿವೆಯಲ್ಲಿ ಉಳಿದವನು ರಸ್ತೆಯ ದಾರಿಯಲ್ಲಿ ಘಟ್ಟಗಳನ್ನು ಸುತ್ತಿಕೊಂಡು ಟ್ಯಾಕ್ಸಿಯಲ್ಲಿ ಮನೆ ಸೇರಬೇಕಾಗುತ್ತದೆ. ಆದುದರಿಂದ ಬೆಳಗಿನ 10 ಗಂಟೆಯೊಳಗೆ ಹೊರಡಬೇಕು, ಕಡೆಯ ಘಟ್ಟವನ್ನು ಮಧ್ಯಾಹ್ನ 3.30ರ ಒಳಗೆ ದಾಟಬೇಕು ಎಂಬುದು ಅಲ್ಲಿಯ ರೂಢಿಯ ನಿಯಮ. ಸಾಧಾರಣ ಅಭ್ಯಾಸವುಳ್ಳವರಿಗೆ ಸುತ್ತು ಮುಗಿಯಲು ಲಿಫ್ಟಿನ ಸಮಯವೂ ಸೇರಿ ಐದಾರು ಗಂಟೆ ಹಿಡಿಯುತ್ತದೆ. ಈ ಲೆಕ್ಕವನ್ನು ಹೇಳಿದ ಮೇಲೆ ನಮ್ಮ ಬೋಧಕರು ಮತ್ತೊಂದು ಮಾತನ್ನು ಸೇರಿಸಿದರು: ತ್ವರೆ ಮಾಡುವವನು ಇಳಿಜಾರಿನಲ್ಲಿ ಉಳಿಸುವುದು ಕೆಲವು ನಿಮಿಷ ಮಾತ್ರ, ಬಿದ್ದು ಎದ್ದು ದಣಿದು ಕಳೆಯುವುದು ಅದಕ್ಕಿಂತ ಹೆಚ್ಚು, ಒಂದೇ ಸಮನೆ ತಿರುವುಗಳನ್ನು ಕೂಡಿಸುತ್ತ ಇಳಿಯುವವನೇ ಹೊತ್ತಿಗೆ ಸರಿಯಾಗಿ ಮನೆ ಮುಟ್ಟುತ್ತಾನೆ.

ಎರಡು ದಿಕ್ಕುಗಳಲ್ಲಿ ಅವರು ಆರಿಸಿದುದು ಹಸುರು ಫಲಕಗಳ ಅಪ್ರದಕ್ಷಿಣ ಮಾರ್ಗ. ಕಿತ್ತಳೆ ಮಾರ್ಗವು ಅರಬ್ಬ ಎಂಬ ಊರಿನ ಮೇಲಿನ ಪೊರ್ತಾ ವೆಸ್ಕೊವೊ ಎಂಬ ಎತ್ತರಕ್ಕೆ ಏರಿಸಿ ಅಲ್ಲಿಂದ ಇಳಿಸುತ್ತದೆ. ಹಸುರು ಮಾರ್ಗದವರು ಪೊರ್ದೊಯ್ ಘಟ್ಟದಿಂದ ನೇರವಾಗಿ ಅರಬ್ಬಕ್ಕೆ ಇಳಿಯುವುದರಿಂದ ಆ ಕಠಿನ ಭಾಗ ತಪ್ಪುತ್ತದೆ. ಆದರೂ ಆ ದಿನದ ನಿಜವಾದ ಪರೀಕ್ಷೆ ಮೊದಲಿನಲ್ಲಿಯೇ ಒದಗಿತು. ಕೊರ್ವಾರದಿಂದ ಕೊಲ್ಫೋಸ್ಕೊ ಮಾರ್ಗವಾಗಿ ಗಾರ್ಡೇನಾ ಘಟ್ಟದ ಮೇಲಿನ ದಾಂತೆರ್ಚೆಪಿಯೆಸ್‌ಗೆ ಏರಿದವರು ಅಲ್ಲಿಂದ ಸೆಲ್ವ ಊರಿಗೆ ಕೆಂಪು ಗುರುತಿನ ದೀರ್ಘವಾದ ಇಳಿತವನ್ನು ಇಳಿಯಬೇಕು. ನಾನು ಗೊಂಡೊಲಾದ ಮೇಲುದಿಯಲ್ಲಿ ನಿಂತಿದ್ದೆ. ಅವಳು ಬೂಟಿನ ಕೊಂಡಿಗಳನ್ನು ಬಿಗಿಮಾಡುತ್ತಿದ್ದಳು. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. “ಹೆದ್ರಿಕೆ ಇಲ್ಲೆ ಹೇಳಿ ಅಲ್ಲ ಮಾವ, ತಿರುಗದು ಗೊತ್ತಿದ್ದು, ನಿಲ್ಲದು ಗೊತ್ತಿದ್ದು” ಎಂದು ಹೇಳಿ, ಬೋಧಕರ ಜಾಡಿನಲ್ಲಿಯೇ ಇಳಿಜಾರಿನ ಅಗಲವನ್ನೆಲ್ಲ ಬಳಸಿಕೊಳ್ಳುತ್ತ, ಈ ಅಂಚಿನಿಂದ ಆ ಅಂಚಿಗೆ ಅಂಕುಡೊಂಕಾಗಿ ಇಳಿದುಹೋದಳು. ಅವಳ ಪಕ್ಕದಲ್ಲಿ ಬಾಣದ ವೇಗದಲ್ಲಿ ಇಳಿದವರು ಎಷ್ಟೋ ಮಂದಿ. ಆದರೆ ಕೆಳಗಿರುವವನ ದಾರಿಗೆ ಮೇಲಿನವನು ಅಡ್ಡ ಬರಬಾರದೆಂಬುದು ಸ್ಕೀ ಮಾಡುವವರ ಅಂತರರಾಷ್ಟ್ರೀಯ ನಿಯಮವಾದುದರಿಂದ, ನಿಧಾನದವರ ಹಕ್ಕು ಅಲ್ಲಿ ರಕ್ಷಿತವಾಗಿದೆ. ಚಾಂಪಿನೊಯ್, ಪ್ಲಾನ್ ದೆ ಗ್ರಾಲ್ಬ, ಸೆಲ್ಲಾ ಘಟ್ಟ, ಪೊರ್ದೊಯ್, ಅರಬ್ಬ, ಕಂಪೊಲೊಂಗೊಗಳ ಮೂಲಕ ಹಾದ ಉಳಿದ ಸುತ್ತು ಹಿತಕರವಾಗಿಯೇ ನಡೆಯಿತೆಂದು ಸಂಜೆ ಅವಳ ಬಾಯಿಂದ ಕೇಳಿದೆ.

ಈ ವಿದ್ಯೆಯ ಪೂರ್ವೇತಿಹಾಸವನ್ನು ಆ ವೃದ್ಧರು ಚುಟುಕಾಗಿ ಹೇಳಿದರು. ಹಿಮದ ಮೇಲೆ ಮರದ ಹಲಗೆ ಕಟ್ಟಿ ನಡೆಯುವುದು ಉತ್ತರ ಯುರೋಪಿನವರ ಪ್ರಾಚೀನ ಪದ್ಧತಿ; ಆಲ್ಪ್ಸ್ ಪರ್ವತದ ಕಡಿದಾದ ಇಳಿಜಾರುಗಳಿಗೆ ಅದನ್ನು ಒಗ್ಗಿಸಿ ಶಾಸ್ತ್ರದ ರೂಪ ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಮಥಿಯಾಸ್ ಜ್ದಾರ್ಸ್ಕಿ, ಅದನ್ನು ಮೆಟ್ಟಿಲು ಮೆಟ್ಟಿಲಾದ ಶಾಲಾಪಾಠವನ್ನಾಗಿ ಮಾಡಿದವರು ಆರ್ಲ್‌ಬೆರ್ಗ್ ಸೀಮೆಯ ಹಾನೆಸ್ ಷ್ನೈಡರ್. ಈ ವಿದ್ಯೆ ಬೇರೂರಿದ ಸೆಲ್ಲಾದ ಸುತ್ತಲಿನ ಜನ ಲದೀನರು. ಲ್ಯಾಟಿನ್ ಮೂಲದ, ಸುಮಾರು 30,000 ಜನ ಮಾತ್ರ ಆಡುವ ಭಾಷೆ ಅವರದು. ಮೊದಲನೆಯ ಮಹಾಯುದ್ಧದವರೆಗೆ ಆಸ್ಟ್ರಿಯದ ಅಧೀನದಲ್ಲಿದ್ದು, ಆಮೇಲೆ ಇಟಲಿಗೆ ಸೇರಿ, ಈಗ ಮೂರು ಪ್ರಾಂತಗಳಲ್ಲಿ ಹಂಚಿಹೋಗಿದ್ದಾರೆ. ಆ ಯುದ್ಧದ ರಣರಂಗವೂ ಇದೇ ಬೆಟ್ಟಗಳಾಗಿದ್ದವು. ಅರಬ್ಬದ ಸಮೀಪದ ಕೊಲ್ ದಿ ಲಾನಾ ಶಿಖರದ ಅಡಿಯಲ್ಲಿ ಸುರಂಗ ತೋಡಿ 1916ರ ಏಪ್ರಿಲಿನಲ್ಲಿ ಅದನ್ನು ಸಿಡಿಮದ್ದಿನಿಂದ ಹಾರಿಸಿದರು. ದುಡಿಮೆಯ ದಾರಿಯಿಲ್ಲದೆ ವಲಸೆ ಹೋಗುತ್ತಿದ್ದ ಬಡ ಕಣಿವೆಗಳಿಗೆ ಹಿಮವೇ ಅನ್ನವಾದುದು ಲಿಫ್ಟುಗಳು ಬಂದ ಮೇಲೆ. 1974ರಲ್ಲಿ ಕಣಿವೆಗಳು ಒಂದಾಗಿ ಡೋಲಮಿಟಿ ಸೂಪರ್‌ಸ್ಕಿ ಎಂಬ ಒಕ್ಕೂಟವನ್ನು ಕಟ್ಟಿದುದರಿಂದ, ಈಗ ಒಂದೇ ಚೀಟಿಯಲ್ಲಿ ಸುಮಾರು 1200 ಕಿಲೋಮೀಟರು ಇಳಿಜಾರುಗಳು ಲಭ್ಯವಾಗಿವೆ. ಈ ಬೆಟ್ಟಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಸಮುದ್ರದ ಹವಳದಿಬ್ಬಗಳಾಗಿದ್ದವೆಂದು ಭೂವಿಜ್ಞಾನಿಗಳು ಕಂಡುಕೊಂಡಿದ್ದಾರೆ. 2009ರಲ್ಲಿ ಯುನೆಸ್ಕೊ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹಿಮವಿದ್ಯೆ ಕನ್ನಡಿಗರಿಗೆ ಸಲ್ಲದೆಂದು ಯಾರೂ ತಿಳಿಯಬೇಕಾಗಿಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಎನ್‌ಸಿಸಿಯಿಂದ ಪರ್ವತಾರೋಹಣಕ್ಕೂ ಅಲ್ಲಿಂದ ಸ್ಕೀಗೂ ಬಂದು, ಕಾಶ್ಮೀರದ ಗುಲ್ಮಾರ್ಗದಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕಗಳನ್ನು ತಂದು, 2025ರಲ್ಲಿ ಚಿಲಿ ದೇಶದಲ್ಲಿ 5 ಕಿಲೋಮೀಟರಿನ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಅವರದು ಹಿಮ್ಮಡಿ ಬಿಡುವಾಗಿರುವ ಸ್ಕೀ ಕಟ್ಟಿ, ಏರು ತಗ್ಗುಗಳ ನಡುವೆ ಸ್ವಬಲದಿಂದಲೇ ಸಾಗುವ ದೀರ್ಘಪಥದ ಸ್ಕೀ. ಲಿಫ್ಟಿನಲ್ಲೇರಿ ಇಳಿಯುವ ಸೆಲ್ಲಾದ ಸ್ಕೀಯಿಗಿಂತ ಬೇರೆಯ ಪ್ರಕಾರ. ಗುಲ್ಮಾರ್ಗದಲ್ಲಿ ಭಾರತ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯು ಹೊಸಬರಿಗೆ ಮೊದಲಿನಿಂದ ಪಾಠ ಹೇಳುತ್ತದೆ. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಅಲ್ಲಿಯವರೆಗೆ ಹೋಗಿ ಬರುವ ವ್ಯವಸ್ಥೆಯನ್ನು ಸಂಘಸಂಸ್ಥೆಗಳು ಮಾಡಿದರೆ, ಬಹುಮಾನ ಗೆಲ್ಲುವವರು ಕೆಲವರೇ ಆದರೂ, ಭಯವನ್ನು ಅಭ್ಯಾಸದಿಂದ ಜಯಿಸುವ ಶಿಕ್ಷಣ ಎಲ್ಲರಿಗೂ ದೊರೆತೀತು.

ಆದರೆ ಹಿಮವೇ ಈಗ ನಂಬಿಕೆಗೆ ದೂರವಾಗುತ್ತಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗದ ಹುಲ್ಲುಗಾವಲು ಹಿಮವಿಲ್ಲದೆ ಬರಿದಾಗಿತ್ತು. ಮುಂದಿನ ವರ್ಷವೂ ಹಿಮದ ಅಭಾವದಿಂದ ಕ್ರೀಡಾಕೂಟವನ್ನು ಮುಂದೂಡಬೇಕಾಯಿತು. ಸೆಲ್ಲಾದ ಎದುರಿಗೆ ಕಾಣುವ ಮರ್ಮೊಲಾಡ ಶಿಖರದ ಹಿಮನದಿಯ ಒಂದು ಭಾಗವು 2022ರ ಜುಲೈ 3ರಂದು ಕುಸಿದು ಹನ್ನೊಂದು ಮಂದಿಯ ಪ್ರಾಣವನ್ನು ತೆಗೆದುಕೊಂಡಿತು. ಸೆಲ್ಲಾರೊಂಡದ ಇಳಿಜಾರುಗಳ ಮೇಲೆ ಯಂತ್ರಗಳಿಂದ ನೀರನ್ನು ಚಿಮ್ಮಿಸಿ ಹಿಮ ಮಾಡುತ್ತಾರೆ. ಅದಕ್ಕೂ ಗಾಳಿಯ ಉಷ್ಣತೆ ಬಹುಮಟ್ಟಿಗೆ ಶೂನ್ಯಕ್ಕಿಂತ ಕೆಳಗಿರಬೇಕು. ಎತ್ತರದ ಘಟ್ಟಗಳಲ್ಲಿ ಆ ಚಳಿ ಇನ್ನೂ ಬಹುಕಾಲ ದೊರೆತೀತು. ಊರಿನ ಅಂಚಿನ ತಗ್ಗಿನಲ್ಲಿ, ಮಕ್ಕಳೂ ತಡವಾಗಿ ಕಲಿಯಲು ಬಂದ ತಾಯಂದಿರೂ ನಿಲ್ಲುವುದನ್ನು ಕಲಿಯುವ ಮೆಲುವಾದ ಹುಲ್ಲುಗಾವಲುಗಳಲ್ಲಿ, ಅದು ಮೊದಲು ಇಲ್ಲವಾಗುತ್ತದೆ. ಆ ವೃದ್ಧ ಬೋಧಕರ ಚಿಂತೆಯೂ ಇದೇ. ಕಡಿದಾದ ಮಾರ್ಗಗಳು ಉಳಿದು ಮೆಲುವಾದವು ಅಳಿದರೆ, ಈ ವಿದ್ಯೆ ಧೈರ್ಯಶಾಲಿಗಳಿಗೂ ಧನವಂತರಿಗೂ ಮಾತ್ರ ಮೀಸಲಾದೀತು. ಅಂಜುತ್ತ ಅಂಜುತ್ತಲೇ ಕಲಿತು, ಒಂದು ದಿನ ನಾಲ್ಕು ಘಟ್ಟಗಳನ್ನೂ ದಾಟಿ ಮನೆಗೆ ಬರತಕ್ಕ ಜನರಿಗೆ ಮೊದಲ ಹೆಜ್ಜೆಯಿಡಲು ನೆಲವೇ ಇಲ್ಲದಾದೀತು. ಅಂಥವರಿಗಾಗಿ ತಮ್ಮ ಬಾಳಿನ ಚಳಿಗಾಲಗಳನ್ನೆಲ್ಲ ವೆಚ್ಚಮಾಡಿದ ಬೋಧಕರ ಪೀಳಿಗೆಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ, ಮತ್ತು ಆ ನಷ್ಟವನ್ನು ತುಂಬುವ ಉಪಾಯ ಅವರ ಕೈಯಲ್ಲಿಲ್ಲ.