ನಕ್ಷೆಯ ಅಳತೆ, ವರ್ಕ್‌ಶಾಪಿನ ತಕರಾರು



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕಿನವರಿಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಹೊಸದೇನಲ್ಲ. ಒಲೆಯ ಬಿಸಿ ತಗಡಿನ ಕೊಳವೆಗಳಲ್ಲಿ ಹರಿದು ಒಳಗಿನ ಎಲೆಯನ್ನು ಒಣಗಿಸುತ್ತದೆ. ಒಂದು ಕೊಳವೆಯ ತುದಿ ಇನ್ನೊಂದರ ಬಾಯಿಯೊಳಗೆ ಕೂರಬೇಕು. ಬಿಗಿಯಾದರೆ ಕೂರುವುದಿಲ್ಲ, ಸಡಿಲವಾದರೆ ಸಂದಿನಿಂದ ಹೊಗೆ ಸೋರಿ ಸೊಪ್ಪು ಕೆಡುತ್ತದೆ. ಎರಡನ್ನೂ ಒಬ್ಬನೇ ಮಾಡುವಾಗ ಕೈಯಂದಾಜೇ ಸಾಕು. ಆದರೆ ಒಂದು ಭಾಗ ಮೈಸೂರಿನಲ್ಲಿ, ಇನ್ನೊಂದು ಪುಣೆಯಲ್ಲಿ ತಯಾರಾದರೆ? ಆಗ ಆ ಅಂದಾಜನ್ನು ನಕ್ಷೆಯ ಮೇಲೆ ಬರೆಯಲೇಬೇಕು. ಯಾವ ಯಂತ್ರವೂ ಕರಾರುವಾಕ್ಕಾಗಿ 20 ಮಿ.ಮೀ. ಕೊರೆಯಲಾರದು. ಎಷ್ಟು ಹೆಚ್ಚು ಕಡಿಮೆಯಾದರೆ ನಡೆಯುತ್ತದೆ ಎಂದು ಹೇಳುವುದೇ ಟಾಲರೆನ್ಸ್.

ಎಲ್ಲಿಂದ ಅಳೆಯಬೇಕು?

ಹೊಲದ ಬೇಲಿಗೆ ಹತ್ತು ಕಲ್ಲುಕಂಬ ನೆಡಬೇಕೆನ್ನಿ. ಒಂದು ಕಂಬದಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ, ಪ್ರತಿ ಸಲ ಒಂದಂಗುಲ ತಪ್ಪಿದರೂ ಕೊನೆಯ ಕಂಬ ಒಂಬತ್ತು ಅಂಗುಲ ಸರಿಯಬಹುದು. ಎಲ್ಲವನ್ನೂ ಮೊದಲ ಕಂಬದಿಂದಲೇ ಅಳೆದರೆ ಯಾವ ಕಂಬವೂ ತನ್ನ ಜಾಗದಿಂದ ಒಂದಂಗುಲಕ್ಕಿಂತ ಹೆಚ್ಚು ಸರಿಯದು. ನಕ್ಷೆಯಲ್ಲಿ ಮೊದಲನೆಯದು ಸರಪಳಿ ಅಳತೆ, ಎರಡನೆಯದು ಆಧಾರರೇಖೆಯ ಅಳತೆ.

ಹಾಗೆಂದು ಎರಡನೆಯದೇ ಸದಾ ಮೇಲಲ್ಲ. ಆಧಾರರೇಖೆಯಿಂದ ಪ್ರತಿ ರಂಧ್ರಕ್ಕೆ ±0.1 ಮಿ.ಮೀ. ಕೊಟ್ಟರೆ, ಪಕ್ಕಪಕ್ಕದ ಎರಡು ರಂಧ್ರಗಳ ನಡುವೆ ±0.2 ವ್ಯತ್ಯಾಸ ಬರಬಹುದು. ಆ ನಡುವಿನ ಅಂತರವೇ ಮುಖ್ಯವಾದರೆ ಅದನ್ನೇ ನೇರವಾಗಿ ಬರೆಯಬೇಕು. ಭಾಗದ ಕೆಲಸ ಏನು ಎಂಬುದು ಮೊದಲ ಪ್ರಶ್ನೆ; ಅಳತೆಯ ವಿಧಾನ ಆಮೇಲಿನದು.

ಚೌಕವೋ, ವೃತ್ತವೋ?

ಒಂದು ಬೋಲ್ಟಿನ ರಂಧ್ರಕ್ಕೆ ಅಡ್ಡಕ್ಕೂ ಉದ್ದಕ್ಕೂ ±0.1 ಕೊಟ್ಟಿದೆ ಎನ್ನೋಣ. ರಂಧ್ರದ ಕೇಂದ್ರ ಒಂದು ಪುಟ್ಟ ಚೌಕದೊಳಗಿರಬೇಕು. ಕೇಂದ್ರವು ಅಡ್ಡಕ್ಕೆ 0.1, ಉದ್ದಕ್ಕೆ 0.1 ಸರಿದರೆ ಚೌಕದ ಮೂಲೆಗೆ ಬರುತ್ತದೆ. ಸರಿಯಾದ ಜಾಗದಿಂದ ಅದರ ದೂರ ಸುಮಾರು 0.14, ತಪಾಸಣೆಯಲ್ಲಿ ಪಾಸು. ಇನ್ನೊಂದು ರಂಧ್ರ ಅಡ್ಡಕ್ಕೆ 0.12, ಉದ್ದಕ್ಕೆ 0.05 ಸರಿದಿದೆ. ಅದರ ದೂರ 0.13 ಮಾತ್ರ, ಆದರೂ ಅದು ರಿಜೆಕ್ಟ್! ಹತ್ತಿರವಿದ್ದದ್ದು ತಿರಸ್ಕೃತ, ದೂರವಿದ್ದದ್ದು ಸ್ವೀಕೃತ. ಇದು ನ್ಯಾಯವೇ?

ಚೌಕದ ಬದಲು ಅದರ ಮೂಲೆಗಳನ್ನು ಮುಟ್ಟುವ ವೃತ್ತವನ್ನೇ ಎಲ್ಲೆ ಮಾಡಿದರೆ ಎರಡೂ ಪಾಸಾಗುತ್ತವೆ. ಆ ವೃತ್ತದ ವ್ಯಾಸ ಸುಮಾರು 0.28, ಅದರ ವಿಸ್ತೀರ್ಣ ಚೌಕಕ್ಕಿಂತ ಶೇಕಡ 57ರಷ್ಟು ಹೆಚ್ಚು. ಇದೇ ಸ್ಥಾನದ ಟಾಲರೆನ್ಸ್. ಜ್ಯಾಮಿತೀಯ ಟಾಲರೆನ್ಸ್ ಪದ್ಧತಿಯ ಒಂದು ಭಾಗ. ಸ್ಕಾಟ್‌ಲೆಂಡಿನ ಟಾರ್ಪಿಡೊ ಕಾರ್ಖಾನೆಯಲ್ಲಿದ್ದ ಸ್ಟಾನ್ಲಿ ಪಾರ್ಕರ್ ಅವರನ್ನು ಈ ವಿಚಾರದ ಮೂಲಪುರುಷರೆಂದು ಎಣಿಸುತ್ತಾರೆ.

ತಕರಾರು ಏಕೆ?

ಈ ಪದ್ಧತಿ ತಯಾರಿಸುವವನಿಗೆ ಹೆಚ್ಚು ಅವಕಾಶ ಕೊಡುತ್ತದೆ. ಆದರೂ ಬಿಡಿಭಾಗ ಪೂರೈಸುವ ಸಣ್ಣ ವರ್ಕ್‌ಶಾಪುಗಳು ಇಂಥ ನಕ್ಷೆಯನ್ನು ಕಂಡು ಹಿಂಜರಿಯುವುದುಂಟು. ಕೆಲವರು ದರ ಏರಿಸುತ್ತಾರೆ, ಕೆಲವರು ಕೆಲಸವೇ ಬೇಡವೆನ್ನುತ್ತಾರೆ. ಇದನ್ನು ಬರೀ ಹಟವೆಂದು ತಳ್ಳಿಹಾಕಬಾರದು. ನೂರು ತುಂಡು ವಾಪಸು ಬಂದರೆ ಉಕ್ಕು, ವಿದ್ಯುತ್ತು, ಕೂಲಿ ಎಲ್ಲದರ ನಷ್ಟವೂ ಅವರ ತಲೆಗೇ. ಪರಿಚಯವಿಲ್ಲದ ಚಿಹ್ನೆ ಕಂಡಾಗ ಅವರು ಆ ಭಯವನ್ನೂ ದರಕ್ಕೆ ಸೇರಿಸುತ್ತಾರೆ. ದುಬಾರಿ ಅಳತೆಯಂತ್ರ ಬೇಕಾದೀತೆಂಬ ಶಂಕೆ ಬೇರೆ. ಜೊತೆಗೆ ಅಂತರರಾಷ್ಟ್ರೀಯ ಐ.ಎಸ್.ಓ. ಮಾನಕಕ್ಕೂ ಅಮೆರಿಕದ ವೈ 14.5 ಮಾನಕಕ್ಕೂ ಕೆಲವು ಮೂಲನಿಯಮಗಳಲ್ಲೇ ವ್ಯತ್ಯಾಸವಿದೆ. ಯಾವುದನ್ನು ಅನುಸರಿಸಿದೆ ಎಂದು ನಕ್ಷೆಯಲ್ಲಿ ಬರೆಯದಿದ್ದರೆ ಜಗಳ ಖಂಡಿತ.

ತಪ್ಪು ನಕ್ಷೆ ಬರೆಯುವವರಲ್ಲೂ ಇರುತ್ತದೆ. ‘ಇರಲಿ’ ಎಂದು ಎಲ್ಲ ಅಳತೆಗೂ ±0.02 ಹಾಕಿದರೆ ಬಣ್ಣ ಬಳಿಯುವ ಅಂಚನ್ನೂ ಗ್ರೈಂಡಿಂಗ್ ಮಾಡಬೇಕಾದೀತು.

ಪರಿಹಾರವೇನು?

ಮುಖ್ಯವಲ್ಲದ ಅಳತೆಗಳಿಗೆ ಸಾಮಾನ್ಯ ಟಾಲರೆನ್ಸ್ ಸಾಕು. ಭಾರತೀಯ ಮಾನಕ ಐ.ಎಸ್. 2102ರ ಮಧ್ಯಮ ದರ್ಜೆಯಲ್ಲಿ 30ರಿಂದ 120 ಮಿ.ಮೀ. ವರೆಗಿನ ಅಳತೆಗೆ ±0.3 ನಡೆಯುತ್ತದೆ. ಜೋಡಣೆಗೆ ಬೇಕಾದ ಕೆಲವೇ ಕಡೆ ಚಿಹ್ನೆ ಹಾಕಬೇಕು. ಆರ್ಡರು ಕೊಡುವ ಮೊದಲೇ ವರ್ಕ್‌ಶಾಪಿನವರನ್ನು ಕೂರಿಸಿಕೊಂಡು ನಕ್ಷೆ ಓದಬೇಕು. ಅಡ್ಡ ಮತ್ತು ಉದ್ದದ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಬರುವ ಸಂಖ್ಯೆ 0.28ನ್ನು ಮೀರಬಾರದು, ಅಷ್ಟೆ. ನೀವು ಪ್ರೌಢಶಾಲೆಯಲ್ಲಿ ಕಲಿಯುವ ಪೈಥಾಗೊರಸ್ ಪ್ರಮೇಯವೇ ಇದು! ತುಂಡುಗಳು ಬಹಳವಿದ್ದರೆ ಪಿನ್ನುಗಳಿರುವ ಒಂದು ಗೇಜು ಮಾಡಿಕೊಟ್ಟರಾಯಿತು: ಕೂತರೆ ಪಾಸು, ಇಲ್ಲವಾದರೆ ಇಲ್ಲ.

ಬೆಮೆಲ್, ಆಟೋಮೋಟಿವ್ ಆಕ್ಸಲ್ಸ್‌ನಂಥ ಕಾರ್ಖಾನೆಗಳಿರುವ ಮೈಸೂರು ನಿಮ್ಮ ಊರುಗಳಿಗೆ ದೂರವಲ್ಲ. ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ನಿಮ್ಮಲ್ಲಿ ಕೆಲವರು ನಕ್ಷೆ ಬರೆಯುವವರಾಗುತ್ತೀರಿ, ಕೆಲವರು ಅದನ್ನು ಓದಿ ಲೇತಿನ ಮುಂದೆ ನಿಲ್ಲುವವರಾಗುತ್ತೀರಿ. ಬರೆಯುವವರು ಓದುವವರ ಕಷ್ಟವನ್ನು ತಿಳಿದಿರಬೇಕು. ಓದುವವರು ಅರ್ಥವಾಗದ್ದನ್ನು ಕೇಳಲು ಸಂಕೋಚಪಡಬಾರದು.

ಮಾಡಿ ನೋಡಿ: ಒಂದು ರಂಧ್ರ ಅಡ್ಡಕ್ಕೆ 0.09, ಉದ್ದಕ್ಕೆ 0.12 ಸರಿದಿದೆ. ಚೌಕದ ಎಲ್ಲೆಯಲ್ಲಿ ಅದು ಪಾಸೇ? 0.28 ವ್ಯಾಸದ ವೃತ್ತದಲ್ಲಿ? ಉತ್ತರ ಎರಡರಲ್ಲೂ ಒಂದೇ ಏಕೆ ಬಂತು, ಯೋಚಿಸಿ.