ಗಾಲಿಕುರ್ಚಿ ಬಳಸುವವರು ಮತ್ತು ವ್ಯಾಯಾಮ

ಬೆನ್ನುಹುರಿಗೆ ಪೆಟ್ಟಾಗಿ ಅಥವಾ ಪೋಲಿಯೋ ತಗುಲಿ ಕಾಲುಗಳ ಶಕ್ತಿ ಕಳೆದುಕೊಂಡವರಿಗೆ ವಿಶ್ರಾಂತಿಯೇ ಕ್ಷೇಮವೆಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ಅಕ್ಕರೆಯಿಂದ ಹುಟ್ಟಿದ ನಂಬಿಕೆಯಾದರೂ ಇದು ಹಿತಕರವಲ್ಲ. ದಿನವಿಡೀ ಅಲುಗಾಡದೆ ಕುಳಿತವರಲ್ಲಿ ಕೀಲುಗಳು ಬಿಗಿಯುತ್ತವೆ, ದೇಹದ ತೂಕ ಏರುತ್ತದೆ, ಹೃದ್ರೋಗ ಮತ್ತು ಮಧುಮೇಹದ ಸಂಭವ ಹೆಚ್ಚುತ್ತದೆ. ವಿಕಲಚೇತನ ವಯಸ್ಕರೂ ವಾರಕ್ಕೆ 150 ನಿಮಿಷಗಳಾದರೂ ಸಾಧಾರಣ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಅಷ್ಟು ಸಾಧ್ಯವಾಗದಿದ್ದರೆ ಹತ್ತು ನಿಮಿಷಗಳಿಂದ ಆರಂಭಿಸಿದರೂ ಪ್ರಯೋಜನವುಂಟು.

ಗಾಲಿಕುರ್ಚಿ ಬಳಸುವವರಲ್ಲಿ ಕಾಲುಗಳ ಕೆಲಸವನ್ನೂ ಭುಜಗಳೇ ನಿರ್ವಹಿಸಬೇಕು. ಚಕ್ರ ತಳ್ಳುವಾಗ ಎದೆಯ ಹಾಗೂ ಭುಜದ ಮುಂಭಾಗದ ಸ್ನಾಯುಗಳು ಹೆಚ್ಚು ದುಡಿಯುತ್ತವೆ; ಹಿಂಭಾಗದವು ದುರ್ಬಲವಾಗಿಯೇ ಉಳಿಯುತ್ತವೆ. ಭುಜನೋವಿಗೆ ಇದೂ ಒಂದು ಕಾರಣ. ಆದುದರಿಂದ ತಳ್ಳುವ ವ್ಯಾಯಾಮಕ್ಕಿಂತ ಎಳೆಯುವ ವ್ಯಾಯಾಮ ಮುಖ್ಯ. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಕುರ್ಚಿಯ ಬ್ರೇಕ್ ಹಾಕಿಕೊಂಡು, ಮೊಣಕೈಗಳನ್ನು ಹಿಂದಕ್ಕೆ ಸೆಳೆದರೆ ಸಾಕು. ದುಬಾರಿ ಉಪಕರಣ ಬೇಕಿಲ್ಲ. ಚಕ್ರವನ್ನು ಬಿರುಸಿನಿಂದ ಪದೇ ಪದೇ ತಳ್ಳದೆ, ನಿಧಾನವಾಗಿ ಉದ್ದಕ್ಕೆ ತಳ್ಳಬೇಕು. ಒತ್ತಡದ ಹುಣ್ಣು ಆಗದಂತೆ 15ರಿಂದ 30 ನಿಮಿಷಗಳಿಗೊಮ್ಮೆ ಮುಂದಕ್ಕೆ ಬಾಗಿ ಪೃಷ್ಠದ ಮೇಲಿನ ಭಾರವನ್ನು ತಗ್ಗಿಸಬೇಕು.

ಈಜಿನಲ್ಲಿ ದೇಹದ ಭಾರವನ್ನು ನೀರು ಹೊರುತ್ತದೆ. 1965ರ ಯುದ್ಧದಲ್ಲಿ ಗುಂಡೇಟು ತಗುಲಿ ನಡೆಯುವ ಶಕ್ತಿ ಕಳೆದುಕೊಂಡ ಯೋಧ ಮುರಳೀಕಾಂತ್ ಪೇಟ್ಕರ್ ಮೊದಲು ಬಾಕ್ಸಿಂಗ್ ಪಟುವಾಗಿದ್ದರು. ಈಜನ್ನು ಅವಲಂಬಿಸಿದ ಅವರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಸ್ಪರ್ಧೆ ಗೆದ್ದು ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಪ್ರಥಮ ಸ್ವರ್ಣಪದಕ ತಂದರು. ಎಲ್ಲರೂ ಪದಕ ಗೆಲ್ಲಬೇಕೆಂದೇನೂ ಇಲ್ಲ. ಆದರೆ ಜೊತೆಗೊಬ್ಬರಿಲ್ಲದೆ ಯಾರೂ ನೀರಿಗಿಳಿಯಬಾರದು. ಸ್ಪರ್ಶಜ್ಞಾನವಿಲ್ಲದ ಪಾದಗಳು ಕೊಳದ ಅಂಚಿಗೆ ತರಚಿದರೂ ತಿಳಿಯುವುದಿಲ್ಲವಾದ್ದರಿಂದ ಹೊರಬಂದೊಡನೆ ಚರ್ಮವನ್ನು ಪರೀಕ್ಷಿಸಬೇಕು.

ಬೆನ್ನುಹುರಿಗೆ ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರು ವೈದ್ಯರನ್ನು ಕೇಳಿಯೇ ವ್ಯಾಯಾಮ ಆರಂಭಿಸತಕ್ಕದ್ದು. ಇಂಥವರಲ್ಲಿ ಬೆವರುವಿಕೆ ಕಡಿಮೆ. ಬಿಸಿಲಿನಲ್ಲಿ ಮೈ ಬೇಗನೆ ಕಾಯುತ್ತದೆ. ಹಠಾತ್ತನೆ ತೀವ್ರ ತಲೆನೋವು ಬಂದು ಮುಖ ಕೆಂಪೇರಿದರೆ ಅದು ರಕ್ತದೊತ್ತಡ ಅಪಾಯಕರವಾಗಿ ಏರಿದುದರ ಸೂಚನೆಯಾಗಿರಬಹುದು. ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಉಡುಪು ಸಡಿಲಿಸಿ, ಮೂತ್ರಕೋಶ ತುಂಬಿದೆಯೇ, ಮೂತ್ರದ ನಳಿಕೆ ಮಡಚಿದೆಯೇ ಎಂದು ನೋಡಿ, ತಡಮಾಡದೆ ವೈದ್ಯಕೀಯ ನೆರವು ಪಡೆಯಬೇಕು.

ಕ್ರೀಡಾಸೌಲಭ್ಯಗಳನ್ನು ವಿಕಲಚೇತನರಿಗೆ ಅನುಕೂಲವಾಗುವಂತೆ ಮಾರ್ಪಡಿಸುವ ಹೊಣೆಯನ್ನು 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 30ನೆಯ ಪ್ರಕರಣವು ಸರ್ಕಾರ ಹಾಗೂ ಕ್ರೀಡಾ ಪ್ರಾಧಿಕಾರಗಳಿಗೆ ವಹಿಸಿದೆ. ಸಾರ್ವಜನಿಕ ಈಜುಕೊಳಕ್ಕೆ ಇಳಿಜಾರು ದಾರಿ ಬೇಕೆಂದು ಕೇಳುವುದು ಉಪಕಾರದ ಯಾಚನೆಯಲ್ಲ.