ಹದಿನಾಲ್ಕು ವರ್ಷ ಇಲ್ಲಿ, ಹದಿನಾರು ವರ್ಷ ಅಲ್ಲಿ

ಮೊನ್ನೆ ಭಾನುವಾರ ನಮ್ಮ ಬಳಗದ ಎಂಟು ಮಂದಿ ಮ್ಯಾಂಚೆಸ್ಟರ್‌ನ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂಗೆ ಹೋಗಿದ್ದೆವು. ಬುತ್ತಿಗೆ ಚಿತ್ರಾನ್ನ, ಚಟ್ನಿಪುಡಿ, ಮೊಸರನ್ನ ಇತ್ತು. ಮಕ್ಕಳಿಗೆ ಇಂಜಿನ್ ತೋರಿಸುವುದು ಒಂದು ನೆಪ. ನಿಜವಾದ ಕಾರಣ ಬೇರೆ. ನಮ್ಮ ಜೊತೆಗಿರುವ ಹುಬ್ಬಳ್ಳಿಯ ಕಾಕಾ ಅವರಿಗೆ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ. ರೈಲು ಅಂದರೆ ಬರುತ್ತಾರೆ ಅಂತ ನಮಗೆ ಗೊತ್ತಿತ್ತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಗಲ್ಫ್‌ನಲ್ಲಿ ದುಡಿದು, ಆಮೇಲೆ ಈ ದೇಶಕ್ಕೆ ಬಂದವರು ಅವರು.

ಮ್ಯೂಸಿಯಂನಲ್ಲಿ ಒಂದು ದೊಡ್ಡ ಎಲೆಕ್ಟ್ರಿಕ್ ಇಂಜಿನ್ ಇದೆ. ಹೆಸರು ಅರಿಯಾಡ್ನಿ. ಹುಟ್ಟಿದ್ದು ಇದೇ ಮ್ಯಾಂಚೆಸ್ಟರ್‌ನ ಗೋರ್ಟನ್ ಕಾರ್ಖಾನೆಯಲ್ಲಿ. ಆದರೆ ಮೈಮೇಲಿರುವುದು ಬ್ರಿಟನ್ನಿನ ಬಣ್ಣ ಅಲ್ಲ, ಹಾಲೆಂಡಿನ ರೈಲಿನ ಹಳದಿ. ನಂಬರೂ ಅಲ್ಲಿಯದೇ, 1505. "ಇದ್ಯಾಕೆ ಹೀಗೆ?" ಅಂತ ಮಕ್ಕಳು ಕೇಳಿದರು. ಕಾಕಾ ಎರಡು ತಿಂಗಳ ಮೇಲೆ ಮೊದಲ ಸಲ ಬಾಯಿ ತುಂಬಾ ಮಾತಾಡಿದರು.

ಕತೆ ಹೀಗಿದೆ. ಮ್ಯಾಂಚೆಸ್ಟರ್‌ನಿಂದ ಶೆಫೀಲ್ಡ್‌ಗೆ ವುಡ್‌ಹೆಡ್ ಬೆಟ್ಟ ದಾಟಿ ಹೋಗುವ ರೈಲು ದಾರಿಯೊಂದಿತ್ತು. ಅದಕ್ಕೆ 1950ರ ದಶಕದಲ್ಲಿ 1500 ವೋಲ್ಟ್ ಡಿಸಿ ಕರೆಂಟು ಹಾಕಿದರು. ಪ್ರಯಾಣಿಕರ ರೈಲು ಎಳೆಯಲು ಏಳು ಇಂಜಿನ್ ಕಟ್ಟಿ, ಏಳಕ್ಕೂ ಪುರಾಣದ ಹೆಣ್ಣುಗಳ ಹೆಸರಿಟ್ಟರು: ಎಲೆಕ್ಟ್ರಾ, ಅರಿಯಾಡ್ನಿ, ಅರೋರಾ, ಡಯಾನಾ, ಜೂನೋ, ಮಿನರ್ವಾ, ಪಂಡೋರಾ. ಆದರೆ ಅಷ್ಟರಲ್ಲೇ ಬ್ರಿಟನ್ ಮನಸ್ಸು ಬದಲಿಸಿತು. 1956ರಲ್ಲಿ, ಮುಂದೆ ಹೊಸ ದಾರಿಗಳಿಗೆಲ್ಲ 25 ಸಾವಿರ ವೋಲ್ಟ್ ಎಸಿ ಅಂತ ತೀರ್ಮಾನವಾಯಿತು. ಈ ಏಳು ಇಂಜಿನ್‌ಗಳು ತಮ್ಮ ಒಂದು ದಾರಿ ಬಿಟ್ಟರೆ ಬೇರೆ ಎಲ್ಲೂ ಓಡುವಂತಿರಲಿಲ್ಲ. 1968ರಲ್ಲಿ ಅವನ್ನು ಮೂಲೆಗೆ ನಿಲ್ಲಿಸಿದರು. ಆಗ ಅವುಗಳ ವಯಸ್ಸು ಬರೀ ಹದಿನಾಲ್ಕು.

"ನೋಡ್ರೀ, ಮಷೀನಿಗೆ ವಯಸ್ಸಾಗಿರ್ಲಿಲ್ಲ. ಅದಕ್ಕ ಬೇಕಾದ ಕರೆಂಟು ಇಲ್ಲಿ ಇಲ್ದಂಗ ಆತು, ಅಷ್ಟ" ಅಂದರು ಕಾಕಾ.

ಆ ಕರೆಂಟು ಹಾಲೆಂಡಿನಲ್ಲಿತ್ತು. ಅಲ್ಲಿಯೂ 1500 ವೋಲ್ಟ್ ಡಿಸಿಯೇ. ಹಳಿಗಳ ಅಗಲವೂ ಒಂದೇ, 1435 ಮಿಲಿಮೀಟರ್. ಪರಿಚಯವೂ ಹೊಸದಲ್ಲ. ಇದೇ ವುಡ್‌ಹೆಡ್ ದಾರಿಗೆಂದು ಮೊದಲು ಕಟ್ಟಿದ ಇಂಜಿನ್ನನ್ನು 1947ರಲ್ಲಿ ಡಚ್ಚರಿಗೆ ಸಾಲವಾಗಿ ಕೊಟ್ಟಿದ್ದರು. ಅದಕ್ಕೆ ಅವರು ಪ್ರೀತಿಯಿಂದ ಟಾಮಿ ಅಂತ ಹೆಸರಿಟ್ಟಿದ್ದರು. 1969ರಲ್ಲಿ ಏಳೂ ಇಂಜಿನ್‌ಗಳನ್ನು ಡಚ್ಚರು ಕೊಂಡುಕೊಂಡರು. ಆರನ್ನು ರಿಪೇರಿ ಮಾಡಿ, ತಮ್ಮ ಪದ್ಧತಿಗೆ ಹೊಂದಿಸಿ ಓಡಿಸಿದರು. ಮಿನರ್ವಾ ಮಾತ್ರ ಓಡಲಿಲ್ಲ. ಉಳಿದ ಆರಕ್ಕೆ ಬಿಡಿಭಾಗ ಕೊಟ್ಟು ಮುಗಿಯಿತು. ಹೇಗ್ ನಗರದಿಂದ ವೆನ್ಲೋ ಕಡೆಗೆ ಪ್ರಯಾಣಿಕರ ರೈಲು ಎಳೆಯುತ್ತಾ ಈ ಇಂಜಿನ್‌ಗಳು 1986ರ ತನಕ ದುಡಿದವು. ತವರಲ್ಲಿ ಹದಿನಾಲ್ಕು ವರ್ಷ, ಪರದೇಶದಲ್ಲಿ ಹದಿನಾರು ವರ್ಷ!

ಇಲ್ಲೇ ಉಳಿದವುಗಳ ಗತಿ ಏನಾಯಿತು? ಅದೇ ದಾರಿಯಲ್ಲಿ ಗೂಡ್ಸ್ ಎಳೆಯಲು 58 ಇಂಜಿನ್‌ಗಳಿದ್ದವು. 1981ರಲ್ಲಿ ದಾರಿಯನ್ನೇ ಮುಚ್ಚಿದರು. ಯಾರ್ಕ್‌ನ ರೈಲ್ವೆ ಮ್ಯೂಸಿಯಂನಲ್ಲಿರುವ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಗುಜರಿಗೆ ಹೋಯಿತು.

ಇದು ಹಳೇ ಕಾಲದ ಕತೆ ಅಂದುಕೊಳ್ಳಬೇಡಿ. ಲಂಡನ್–ಗ್ಲಾಸ್ಗೋ ದಾರಿಯಲ್ಲಿ ಓಡಾಡುವ ನಮ್ಮ ಓದುಗರು ಪೆಂಡೊಲಿನೊ ರೈಲು ಹತ್ತಿರುತ್ತೀರಿ. ಅದು ಬರುವ ಮುಂಚೆ ಆ ದಾರಿಯಲ್ಲಿ ಗಂಟೆಗೆ 110 ಮೈಲಿ ಓಡುತ್ತಿದ್ದದ್ದು ಕ್ರೂ ಊರಿನಲ್ಲಿ ಕಟ್ಟಿದ ಕ್ಲಾಸ್ 87 ಇಂಜಿನ್‌ಗಳು. ಒಟ್ಟು 36. ಹೊಸ ರೈಲು ಬಂದ ಮೇಲೆ ಇವಕ್ಕೆ ಕೆಲಸ ಇಲ್ಲದಾಯಿತು. 2006ರಿಂದ ಒಂದೊಂದಾಗಿ ಬಲ್ಗೇರಿಯಾಕ್ಕೆ ಹೊರಟವು. ಪ್ರಯಾಣಿಕರನ್ನು ಹೊತ್ತು ಓಡಿದವು ಅಲ್ಲಿ ಗೂಡ್ಸ್ ಎಳೆದವು. ಇವುಗಳ ಅಣ್ಣಂದಿರಾದ ಕ್ಲಾಸ್ 86 ಇಂಜಿನ್‌ಗಳು ಕೆಲವು ಹಂಗೇರಿಗೆ ಹೋದವು. ಎರಡೂ ದೇಶಗಳಲ್ಲಿ ಕರೆಂಟು ಇಲ್ಲಿಯಂತೆಯೇ 25 ಸಾವಿರ ವೋಲ್ಟ್. ಇನ್ನೊಂದು ಅನುಕೂಲವೂ ಇತ್ತು. ಬ್ರಿಟನ್ನಿನ ಸುರಂಗ, ಸೇತುವೆಗಳು ಇಕ್ಕಟ್ಟು. ಹಾಗಾಗಿ ಇಲ್ಲಿನ ಇಂಜಿನ್ ಮೈಕಟ್ಟಿನಲ್ಲಿ ಸಣ್ಣದು. ಯುರೋಪಿನಲ್ಲಿ ಸಲೀಸಾಗಿ ನುಸುಳುತ್ತದೆ. ಅಲ್ಲಿನ ಇಂಜಿನ್ ಇಲ್ಲಿಗೆ ಬರುವುದೇ ಕಷ್ಟ.

ನಮ್ಮೂರಲ್ಲಿ ಇದು ತಿರುವುಮುರುವು. ಅಲ್ಲಿ ಕರೆಂಟು ಬಂದು ಡೀಸೆಲ್ ಇಂಜಿನ್‌ಗಳಿಗೆ ಕೆಲಸ ಕಡಿಮೆಯಾಗಿದೆ. ಕಾರವಾರ, ಉಡುಪಿ ಮೇಲೆ ಹೋಗುವ ಕೊಂಕಣ ರೈಲಿಗೂ ಪೂರ್ತಿ ಕರೆಂಟು ಬಂದಾಗಿದೆ. ಭಾರತ ತನ್ನ ಡೀಸೆಲ್ ಇಂಜಿನ್‌ಗಳಲ್ಲಿ 10ನ್ನು 2020ರಲ್ಲಿ, 20ನ್ನು 2023ರಲ್ಲಿ ಬಾಂಗ್ಲಾದೇಶಕ್ಕೆ ಕೊಟ್ಟಿತು. ಅಲ್ಲಿಯೂ ನಮ್ಮಂಥದೇ ಬ್ರಾಡ್‌ಗೇಜ್ ಹಳಿ ಇದೆಯಲ್ಲ!

ಬುತ್ತಿ ಬಿಚ್ಚಿದಾಗ ಮಾತು ಕಾಕಾ ಕಡೆಗೇ ಬಂತು. ಅವರ ಕಂಪನಿ ಹೊಸ ಮಷೀನು ತರಿಸಿ ಹಳಬರನ್ನು ಮನೆಗೆ ಕಳಿಸಿತ್ತು. ಐವತ್ತೆರಡರ ವಯಸ್ಸಿಗೆ ಇನ್ನೇನು ಕಲಿಯೋದು, ಊರಿಗೆ ಹೋಗಿಬಿಡ್ತೀನಿ ಅನ್ನುತ್ತಿದ್ದರು. ಮಗಳ ಓದು ಇನ್ನೂ ಎರಡು ವರ್ಷ ಇದೆ. ವೀಸಾದ ಗಡುವೂ ತಲೆ ಮೇಲಿದೆ. ನಾವು ಸುಮ್ಮನೆ ಧೈರ್ಯ ಹೇಳಲಿಲ್ಲ. "ಕಾಕಾ, ನಿಮ್ಮ ಕೆಲಸ ಹಳೇದಾಗಿಲ್ಲ. ಆ ಕರೆಂಟು ಎಲ್ಲಿದೆ ಅಂತ ಹುಡುಕಬೇಕು" ಅಂದೆವು. ಅವರ ಮಾತನ್ನೇ ಅವರಿಗೆ ತಿರುಗಿಸಿದ್ದಕ್ಕೆ ನಕ್ಕರು.

ಅಲ್ಲೇ ಕೂತು ಪಟ್ಟಿ ಮಾಡಿದೆವು. ಹುಬ್ಬಳ್ಳಿಯ ಸರ್ಟಿಫಿಕೇಟು, ಗಲ್ಫ್‌ನ ಅನುಭವ ಪತ್ರ, ಇಲ್ಲಿನ ಟ್ರೈನಿಂಗ್ ಕಾಗದ ಎಲ್ಲ ಒಂದೇ ಫೈಲಿಗೆ ಸೇರಿಸುವುದು. ಹಳೇ ಇಂಜಿನ್ ನೋಡಿಕೊಳ್ಳುವ ಡಿಪೋಗಳಿಗೆ ಅರ್ಜಿ ಹಾಕುವುದು. ಬೇಕಾದರೆ ಊರು ಬದಲಿಸುವುದು. ಅರ್ಜಿಯ ಇಂಗ್ಲಿಷು ತಿದ್ದುವುದಕ್ಕೆ ನಮ್ಮಲ್ಲಿ ಇಬ್ಬರು ಒಪ್ಪಿಕೊಂಡರು. ಆ ಇಂಜಿನ್‌ಗಳೂ ಸುಮ್ಮನೆ ಹೋಗಿ ಓಡಲಿಲ್ಲ. ಹೊಸ ದೇಶದ ನಿಯಮಕ್ಕೆ ತಕ್ಕಂತೆ ಬದಲಾಗಿ, ಪರೀಕ್ಷೆಯಾಗಿ, ಅಪ್ಪಣೆ ಸಿಕ್ಕ ಮೇಲೇ ಹಳಿಗಿಳಿದದ್ದು.

ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಕಾಕಾ ನಾಲ್ಕು ಅರ್ಜಿ ಹಾಕಿದ್ದಾರೆ, ಒಂದು ಇಂಟರ್‌ವ್ಯೂಗೆ ಕರೆ ಬಂದಿದೆ. ಏನಾಯಿತು ಅಂತ ಮುಂದಿನ ತಿಂಗಳು ತಿಳಿಸುತ್ತೇವೆ. ನಿಮ್ಮ ಪೈಕಿಯೂ ಯಾರಾದರೂ ಹೀಗೆ ಮನೆಯಲ್ಲಿ ಕೂತಿದ್ದರೆ ನಮಗೆ ಒಂದು ಮಾತು ಹೇಳಿ. ಒಬ್ಬರೇ ಕೂರಬೇಡಿ.

ಹೊರಡುವಾಗ ಕಾಕಾ ಇನ್ನೊಮ್ಮೆ ಅರಿಯಾಡ್ನಿ ಹತ್ತಿರ ಹೋಗಿ ನಿಂತರು. "ತವರಿಗೆ ವಾಪಸ್ ಬಂದ್ರೂ ಆ ಬಣ್ಣ ತೆಗಿಲಿಲ್ಲ ನೋಡ್ರಿ. ಛಲೋ ಮಾಡ್ಯಾರ. ಅಲ್ಲಿ ದುಡಿದದ್ದೂ ಅದರದ ಅಲ್ಲೇನು?" ಅಂದರು.